ಮಧ್ಯಾಹ್ನ ಕಿಟಿಕಿ ಮುಚ್ಚುವ ಊರು

ಇಟಲಿಗೆ ಹೋಗಿ ಬಂದೆ ಹೇಳಿರೆ ಎಲ್ಲೋರೂ ಸುರುವಿಂಗೆ ಕೇಳುದು ಒಂದೇ ಪ್ರಶ್ನೆ: “ಎಂತೆಲ್ಲ ನೋಡಿದಿ?” ಆನು “ಮಧ್ಯಾಹ್ನ ಉಂಡಿಕ್ಕಿ ಲಾಯ್ಕಲ್ಲಿ ಒರಗಿದೆ” ಹೇಳಿರೆ ನೆಗೆ ಮಾಡ್ತವು. ಮನ್ನೆ ಒಂದು ಉಪ್ನಾನದ ಮನೆಲಿ ಪರಿಚಯದ ಅಕ್ಕ ಒಂದು ಕೇಳಿತ್ತು: “ಒರಗುಲೆ ಅಷ್ಟು ಪೈಸೆ ಖರ್ಚು ಮಾಡಿ ಇಟಲಿಗೆ ಹೋಯೆಕ್ಕೋ? ಇಲ್ಲಿ ಹಸೆ ಇಲ್ಲೆಯೋ?”

ಬಾಳೆ ಎದುರು ಕೂದಲ್ಲಿ ಇದಕ್ಕೆಲ್ಲ ಉತ್ತರ ಹೇಳುಲೆ ಆವುತ್ತೋ? ಪಾಯ್ಸ ಬಂತು, ಮಾತು ಅಲ್ಲಿಗೆ ನಿಂದತ್ತು. ಆದರೆ ಉತ್ತರ ಹೊಟ್ಟೆಲಿಯೇ ಬಾಕಿ ಆತು. ಅದರ ಇಲ್ಲಿ ಬರೆತ್ತೆ. ರಜ್ಜ ಉದ್ದ ಆವುತ್ತು, ಬೇಜಾರು ಮಾಡೆಡಿ.

ಮಗಳೂ ಅಳಿಯನೂ ಜರ್ಮನಿಲಿ ಇಪ್ಪದು. ಕಳುದ ವರ್ಷ ಜುಲಾಯಿಲಿ ಎಂಗಳಿಬ್ರನ್ನೂ ಕರಕ್ಕೊಂಡು ಇಟಲಿಗೆ ಹೆರಟವು. ದೊಡ್ಡ ಊರುಗಳಲ್ಲಿ ಜೆನವೂ ಹೆಚ್ಚು, ಸೆಕೆಯೂ ಹೆಚ್ಚು ಹೇಳಿ ಲುಕ್ಕಾ ಹೇಳ್ತ ಸಣ್ಣ ಊರಿಲಿ ಐದು ದಿನಕ್ಕೆ ಒಂದು ಮನೆ ಬಾಡಿಗೆಗೆ ತೆಕ್ಕೊಂಡವು. ಪೀಸಾಲ್ಲಿ ಓರೆ ಆದ ಗೋಪುರ ಇದ್ದಲ್ಲದೋ, ಅಲ್ಲಿಂದ ರೈಲಿಲಿ ಅರ್ಧ ಗಂಟೆ ದೂರ. ಸ್ಟೇಶನಿಂದ ಹೆರ ಬಂದು ಮಾರ್ಗ ದಾಂಟಿರೆ ಎದುರೇ ಕೋಟೆ.

ಕೋಟೆ ಹೇಳಿರೆ ಎನಗೆ ತಲೆಗೆ ಬಪ್ಪದು ಶಾಲೆಂದ ಕರಕ್ಕೊಂಡು ಹೋದ ಚಿತ್ರದುರ್ಗ. ಲುಕ್ಕಾದ್ದು ಆ ನಮುನೆ ಅಲ್ಲ. ಹೆರಾಣ ಹೊಡೆಲಿ ಕೆಂಪು ಇಟ್ಟಿಗೆಯ ಗೋಡೆ, ಸುಮಾರು ಹನ್ನೆರಡು ಮೀಟರು ಎತ್ತರ. ಒಳಾಣ ಹೊಡೆಲಿ ಮಣ್ಣು ತುಂಬುಸಿ ದೊಡ್ಡ ಏರಿ ಮಾಡಿದ್ದವು. ಏರಿಯ ಮೇಗೆ ಅಗಲದ ಮಾರ್ಗ, ಮಾರ್ಗದ ಕರೆಲಿ ಸಾಲು ಸಾಲು ದೊಡ್ಡ ಮರಂಗೊ. ಕಾರು ಬಿಡ್ತವಿಲ್ಲೆ. ಜೆನಂಗೊ ನೆಡೆತ್ತವು, ಸೈಕಲಿಲಿ ಹೋವುತ್ತವು. ಇಡೀ ಊರಿಂಗೆ ಒಂದು ಸುತ್ತು ಬಂದರೆ 4 ಕಿಲೋಮೀಟರಿಂದ ರಜ್ಜ ಹೆಚ್ಚು. ಇಷ್ಟು ಪೂರ್ತಿಯಾಗಿ ಒಳುದ ಕೋಟೆಗೊ ಯುರೋಪಿಲಿ ಕಮ್ಮಿಯೇ.

ಸುರುವಾಣ ಎರಡು ದಿನ ಎಂಗೊ ತಪ್ಪಿದೆಯೊ°. ಅಳಿಯ° ಫೋನಿಲಿ ಪಟ್ಟಿ ಮಾಡಿ ಮಡಗಿತ್ತಿದ್ದ°, ನೋಡೆಕ್ಕಾದ್ದು ಹದಿನಾಲ್ಕು ಜಾಗೆ. ಅವನ ದೂರುತ್ತಿಲ್ಲೆ. ಇಷ್ಟು ದೂರ ಬಂದ ಅತ್ತೆ ಮಾವಂಗೆ ಎಲ್ಲವನ್ನೂ ತೋರುಸೆಕ್ಕು ಹೇಳ್ತ ಪ್ರೀತಿ ಅದು. ಉದಿಯಪ್ಪಗ ಎದ್ದು, ಮಿಂದು, ಕಾಪಿ ತಿಂಡಿ ಆಗಿ ಹೆರಡುವಗ ಹತ್ತೂವರೆ. ನೆಡು ಮಧ್ಯಾಹ್ನದ ಬೆಶಿಲಿಂಗೆ ಗ್ವಿನೀಜಿ ಗೋಪುರ ಹತ್ತಿದೆಯೊ°. ಇನ್ನೂರಕ್ಕೆ ಮೇಲೆ ಮೆಟ್ಲು. ಆ ಗೋಪುರದ ತಲೆಲಿ ಓಕ್ ಜಾತಿಯ ಮರಂಗೊ ಬೆಳದ್ದು. ಮನೆ ಮಾಡಿಲಿ ಅರಳಿ ಸೆಸಿ ಹುಟ್ಟಿರೆ ನಾವು ಕಿತ್ತು ಇಡುಕ್ಕುತ್ತು, ಅವು ಬೇಕು ಹೇಳಿಯೇ ನೆಟ್ಟು ಸಾಂಕಿದ್ದವು! ಚೆಂದ ಅಪ್ಪು. ಆದರೆ ಮೇಗೆ ಎತ್ತುವಗ ಎಂಗಳ ಮನೆಯವಕ್ಕೆ ಕಣ್ಣು ಕಸ್ತಲೆ ಬಂದ ಹಾಂಗಾಗಿ ಮರದ ಬುಡಲ್ಲಿ ಕೂದುಬಿಟ್ಟವು. ಅವರ ಮೋರೆ ನೋಡಿಗೊಂಡು ನಿಂದ ಎನಗೆ ಊರು ಕಂಡಿದೇ ಇಲ್ಲೆ.

ಇಳುದು ಬಪ್ಪಗ ಒಂದೂವರೆ. ಪೇಟೆಲಿ ಒಂದು ನರಪಿಳ್ಳೆ ಇಲ್ಲೆ. ಸಣ್ಣ ಅಂಗಡಿಗೊ ಎಲ್ಲ ಬಾಗಿಲು ಹಾಕಿದ್ದವು, ಹೊತ್ತೋಪಗ ತೆಗೆತ್ತೆಯೊ° ಹೇಳಿ ಚೀಟಿ ಅಂಟುಸಿದ್ದವು. ಮೇಲಾಣ ಮಾಳಿಗೆಗಳ ಕಿಟಿಕಿಗೊಕ್ಕೆ ಹಸುರು ಬಣ್ಣದ ಪಟ್ಟಿ ಪಟ್ಟಿ ಮರದ ಬಾಗಿಲು, ಎಲ್ಲವೂ ಮುಚ್ಚಿದ್ದು. ಅಳಿಯಂಗೆ ಪಿಸುರು ಬಂತು: “ಪ್ರವಾಸಿಗೊ ಬಪ್ಪ ಸಮಯಲ್ಲೇ ಬಾಗಿಲು ಹಾಕಿರೆ ಇವಕ್ಕೆ ವ್ಯಾಪಾರ ಬೇಡದೋ? ಇದು ಉದಾಸೀನ ಅಲ್ಲದ್ದೆ ಮತ್ತೆಂತ?” ಆನುದೆ ಅಪ್ಪು ಹೇಳಿ ತಲೆ ಆಡ್ಸಿದೆ.

ಬಾಡಿಗೆ ಮನೆಗೆ ಎತ್ತಿದ ಮತ್ತೆ ಅವು ಮೂರೂ ಜೆನ ಫ್ಯಾನಿನ ಅಡಿಲಿ ಬಿದ್ದುಗೊಂಡವು. ಆನು ಅಟ್ಟುಂಬೊಳಕ್ಕೆ ಹೊಕ್ಕೆ. ಎಂಗಳ ಮನೆಯವಕ್ಕೆ ಒಂದು ಹೊತ್ತಾದರೂ ಅಶನ ಬೇಕು. ಊರಿಂದ ತಂದ ಸಾರಿನ ಹೊಡಿ ಇದ್ದತ್ತು, ಉಪ್ಪಿನಕಾಯಿ ಇದ್ದತ್ತು. ಅಶನ ಮಡಗಿದೆ, ಸಾರು ಮಾಡಿದೆ, ಬಳುಸಿದೆ, ಪಾತ್ರ ತೊಳದೆ. ಎರಡು ದಿನವೂ ಇದೇ ಕತೆ. ಹೆರ 35 ಡಿಗ್ರಿ, ಒಲೆ ಎದುರು ಇನ್ನೂ ಹೆಚ್ಚು. ಆರೂ ಎನ್ನ “ಮಾಡು” ಹೇಳಿದ್ದವಿಲ್ಲೆ. “ಮಾಡೆಡ” ಹೇಳಿದ್ದವುದೆ ಇಲ್ಲೆ. ಪ್ರವಾಸ ಹೇಳಿ ಎನಗೆ ಆದ್ದು ಅಟ್ಟುಂಬೊಳ ಬದಲಿದ್ದು ಮಾತ್ರ. ಈ ಬರಹ ಓದುವ ಹೆಮ್ಮಕ್ಕೊಗೆ ಇದರ ಬಿಡುಸಿ ಹೇಳೆಕ್ಕಾದ್ದಿಲ್ಲೆ.

ಪಾತ್ರ ತೊಳವ ಜಾಗೆಯ ಕಿಟಿಕಿಂದ ನೋಡಿರೆ ಎದುರಾಣ ಮನೆ ಕಾಣ್ತು. ಅಲ್ಲಿ ಒಂದು ಅಜ್ಜಿ ಇತ್ತು. ಉದಿಯಪ್ಪಗ ಆರು ಗಂಟೆಗೆ ಎಲ್ಲ ಕಿಟಿಕಿಯನ್ನೂ ಪೂರಾ ತೆಗಗು. ಬೆಶಿಲು ಏರುವಗ ಒಂದೊಂದೇ ಮುಚ್ಚಿಗೊಂಡು ಬಕ್ಕು. ಮಧ್ಯಾಹ್ನ ಮನೆ ಇಡೀ ಕಸ್ತಲೆ. ಹೊತ್ತೋಪಗ ಬೆಶಿಲು ಇಳುದ ಮೇಲೆ ಪುನಃ ತೆಗಗು. ದಪ್ಪ ಗೋಡೆಯ ಹಳೆ ಮನೆಗೊ ಅವು. ಇರುಳಾಣ ತಂಪಿನ ಒಳ ಹಿಡುದು ಮಡಗಿರೆ ಮಧ್ಯಾಹ್ನಕ್ಕೂ ಒಳಿತ್ತು. ಎಂಗೊ ಎಂತ ಮಾಡಿತ್ತಿದ್ದೆಯೊ° ಹೇಳಿರೆ, ಸೆಕೆ ಸೆಕೆ ಹೇಳಿ ಇದ್ದಬದ್ದ ಕಿಟಿಕಿ ಪೂರಾ ತೆಗದು ಮಡಗಿ, ಬೆಂಕಿ ಹಾಂಗಿಪ್ಪ ಗಾಳಿಯ ಎಂಗಳೇ ಒಳ ಕರದ್ದು! ಆ ಅಜ್ಜಿ ಎನ್ನತ್ರೆ ಒಂದು ಮಾತು ಆಡಿದ್ದಿಲ್ಲೆ, ಆದರೆ ಮೂರನೇ ದಿನಂದ ಆನು ಅದರ ನೋಡಿಗೊಂಡೇ ಕಿಟಿಕಿ ಹಾಕುಲೆ ಸುರು ಮಾಡಿದೆ. ಮನೆ ತಂಪಾತು.

ಅದೇ ಮೂರನೇ ದಿನ ಉದಿಯಪ್ಪಗ ಆನೂ ಮಗಳೂ ಇಬ್ರೇ ಸಾನ್ ಫ್ರೆದಿಯಾನೊ ಹೇಳ್ತ ಹಳೆ ಇಗರ್ಜಿಗೆ ಹೋದೆಯೊ°. ಅದರ ಎದುರಾಣ ಗೋಡೆಯ ಮೇಗೆ ಚಿನ್ನದ ಬಣ್ಣದ ಸಣ್ಣ ಸಣ್ಣ ಹಳಕ್ಕು ಕೂಡ್ಸಿ ಮಾಡಿದ ದೊಡ್ಡ ಚಿತ್ರ ಇದ್ದು, ಉದಿಯಪ್ಪಗಾಣ ಬೆಣಚ್ಚಿಂಗೆ ಹೊಳೆತ್ತು. ಒಳ ಒಂದು ಕರೆಲಿ ಗಾಜಿನ ಪೆಟ್ಟಿಗೆ. ಪೆಟ್ಟಿಗೆಲಿ ಒಂದು ಹೆಮ್ಮಕ್ಕಳ ಒಣಗಿದ ದೇಹ, ಅಂಗಿ ಹಾಕುಸಿ, ಹೂಗು ಮಡಗಿ ಮನುಶಿದ್ದವು. ಎನಗೆ ಸುರುವಿಂಗೆ ಹೆದರಿಕೆ ಆತು. ಮಗಳು ಓದಿ ಹೇಳಿತ್ತು: ಇದು ಸಂತ ಜೀತಾ. ರಾಣಿಯೂ ಅಲ್ಲ, ಮಠಲ್ಲಿ ಇದ್ದದೂ ಅಲ್ಲ. ಮನೆಕೆಲಸದ ಹೆಣ್ಣು.

13ನೇ ಶತಮಾನದ ಕತೆ. ಹತ್ರಾಣ ಹಳ್ಳಿಯ ಬಡವರ ಕೂಸು, ಹನ್ನೆರಡು ವರ್ಷಕ್ಕೆ ಲುಕ್ಕಾದ ಫಾತಿನೆಲ್ಲಿ ಹೇಳ್ತ ಶ್ರೀಮಂತರ ಮನೆಗೆ ಕೆಲಸಕ್ಕೆ ಬಂತು. 1272ರಲ್ಲಿ ಸಾವನ್ನಾರವೂ ಅದೇ ಮನೆಲಿ ಕೆಲಸ ಮಾಡಿತ್ತು. 1696ರಲ್ಲಿ ಅದರ ಸಂತ ಹೇಳಿ ಘೋಷಣೆ ಮಾಡಿದವು. ಈಗ ಮನೆಕೆಲಸ ಮಾಡುವವಕ್ಕೆಲ್ಲ ಕಾವ ತಾಯಿ ಅದು. ಬೀಗದ ಕೈ ಕಾಣೆ ಆದರೂ ಕೆಲವು ಜೆನ ಅದನ್ನೇ ನೆಂಪು ಮಾಡ್ತವಡ. ಪ್ರತಿ ವರ್ಷ ಎಪ್ರಿಲ್ 27ಕ್ಕೆ ಅದರ ಹಬ್ಬ, ಆ ಇಗರ್ಜಿಯ ಸುತ್ತ ಹೂಗಿನ ಸಂತೆ ಆವುತ್ತು. ಹೂಗು ಎಂತಕೆ ಹೇಳಿರೆ, ಅದು ಸೆರಗಿಲಿ ರೊಟ್ಟಿ ಕಟ್ಟಿಗೊಂಡು ಬಡವಕ್ಕೆ ಕೊಡ್ಲೆ ಹೋಪಗ ತಡದು “ಎಂತ ಅದು?” ಹೇಳಿ ಕೇಳಿದವಡ. ಬಿಡುಸಿರೆ ರೊಟ್ಟಿ ಎಲ್ಲ ಹೂಗಾಗಿ ಹೋಗಿತ್ತಡ.

ಇನ್ನೊಂದು ಕತೆ ಎನ್ನ ಅಲ್ಲೇ ನಿಲ್ಲುಸಿತ್ತು. ಒಂದು ದಿನ ಜೀತಾ ಪ್ರಾರ್ಥನೆ ಮಾಡಿಗೊಂಡು ಹೊತ್ತು ಹೋದ್ದೇ ಗೊಂತಾಗದ್ದೆ ಇಗರ್ಜಿಲಿ ಬಾಕಿ ಆತಡ. ಅಯ್ಯೋ, ರೊಟ್ಟಿ ಸುಡೆಕ್ಕಾತು ಹೇಳಿ ಮನೆಗೆ ಓಡಿ ಬಂದು ನೋಡಿರೆ ರೊಟ್ಟಿ ಎಲ್ಲ ತಯಾರು. ದೇವದೂತರು ಬಂದು ಮಾಡಿ ಮಡಗಿತ್ತಿದ್ದವಡ.

ಮಗಳು “ಎಷ್ಟು ಚೆಂದದ ಕತೆ ಅಲ್ಲದೋ ಅಮ್ಮ?” ಹೇಳಿತ್ತು. ಕಣ್ಣಿಲಿ ನೀರು ಬಂತು ಹೇಳಿ ಬರದರೆ ನಾಟಕ ಅಕ್ಕು. ಎನಗೆ ಬಂದದು ಕೋಪ. ಅಷ್ಟು ದೊಡ್ಡ ಮನೆ, ಅಷ್ಟು ಜೆನ. ಆ ಹೆಣ್ಣಿಂಗೆ ಒಂದು ಗಂಟೆ ಬಿಡುವು ಸಿಕ್ಕೆಕ್ಕಾರೆ ಸ್ವರ್ಗಂದ ದೇವದೂತರೇ ಇಳುದು ಬರೆಕ್ಕಾತು. ಮನೆಲಿ ಇದ್ದವು ಒಬ್ಬನೂ ಹಿಟ್ಟಿಂಗೆ ಕೈ ಹಾಕಿದ್ದವಿಲ್ಲೆ. ಇದರ ಪವಾಡ ಹೇಳುದೋ, ನಾಚಿಗೆ ಹೇಳುದೋ?

ಹೀಂಗೆ ಕೋಪಲ್ಲಿ ನಿಂದುಗೊಂಡಿಪ್ಪಗ ಮನಸ್ಸು ಎಲ್ಲಿಗೆ ಹೋಯೆಕ್ಕು? ಎನ್ನದೇ ಮನೆಯ ಹಿಂದಾಣ ಜಾಲಿಂಗೆ ಹೋತು.

ಎಂಗಳಲ್ಲಿಗೆ ಕೆಲಸಕ್ಕೆ ಬಪ್ಪ ಹೆಣ್ಣು ಹದಿನೆಂಟು ವರ್ಷಂದ ಬತ್ತಾ ಇದ್ದು. ಎಂಗಳ ಊಟ ಮುಗಿವದು ಒಂದೂವರೆಗೆ. ಪಾತ್ರ ಪೂರಾ ಹೆರ ಕಲ್ಲಿನ ಹತ್ರೆ ಮಡುಗುದು, ಅದು ತೊಳವದು. ಎಪ್ರಿಲ್, ಮೇ ತಿಂಗಳಿನ ಎರಡು ಗಂಟೆ ಬೆಶಿಲು ನಿಂಗೊಗೆ ಗೊಂತಿದ್ದು. ಆ ಹೊತ್ತಿಂಗೆ ಆನು ಒಳ ಚಾವಡಿಲಿ ಫ್ಯಾನು ಹಾಕಿ ಮನಿಕ್ಕೊಂಡಿರ್ತೆ. ಪಾತ್ರದ ಶಬ್ದ ಜೋರಾದರೆ “ರಜ್ಜ ಮೆಲ್ಲಂಗೆ” ಹೇಳಿ ಒಳಂದಲೇ ಹೇಳಿದ್ದೂ ಇದ್ದು. ಹದಿನೆಂಟು ವರ್ಷಲ್ಲಿ ಒಂದರಿ ಆದರೂ ಇದು ತಪ್ಪು ಹೇಳಿ ಎನಗೆ ಕಂಡಿದಿಲ್ಲೆ. ಎರಡು ದಿನ ಬಾಡಿಗೆ ಮನೆಲಿ ಬೇರೆಯವು ಒರಗಿಪ್ಪಗ ಆನು ಪಾತ್ರ ತೊಳದಪ್ಪಗ ಮಾತ್ರ ಕಂಡತ್ತು. ಎನ್ನ ಅಳಿಯನ ಮೇಲೆ, ಗೆಂಡನ ಮೇಲೆ ಎನಗೆ ಎಷ್ಟು ದೂರು ಇತ್ತೋ, ಅದಕ್ಕೆ ಎನ್ನ ಮೇಲೆ ಅದರ ಹತ್ತರಷ್ಟು ಇಕ್ಕು. ಅದು ಹೇಳಿದ್ದಿಲ್ಲೆ, ಆನು ಕೇಳಿದ್ದಿಲ್ಲೆ.

ಆ ದಿನ ಮಧ್ಯಾಹ್ನ ಆನು ಹೇಳಿದೆ, “ಇಂದು ಒಲೆ ಹೊತ್ತುಸುತ್ತಿಲ್ಲೆ.” ಹೆಚ್ಚು ಎಂತ ಹೇಳಿದ್ದಿಲ್ಲೆ. ಆಶ್ಚರ್ಯ ಹೇಳಿರೆ ಆರಿಂಗೂ ತೊಂದರೆ ಆಯಿದಿಲ್ಲೆ! ಹನ್ನೆರಡು ಗಂಟೆಗೇ ಅಳಿಯ° ಹೋಗಿ ‘ಚೆಚೀನಾ’ ತಂದ°. ಕಡ್ಲೆ ಹಿಟ್ಟಿಂಗೆ ನೀರು, ಉಪ್ಪು, ಎಣ್ಣೆ ಹಾಕಿ ದೊಡ್ಡ ತಟ್ಟೆಲಿ ಎರದು ಬೇಶುದು, ಅಷ್ಟೇ ಅದು. ನಮ್ಮ ದಪ್ಪ ದೋಸೆಯ ಹಾಂಗೆ, ಮೇಗೆ ಮೆಣಸಿನ ಹೊಡಿ. ಸಸ್ಯಾಹಾರಿಗೊಕ್ಕೆ ಧೈರ್ಯಲ್ಲಿ ತಿಂಬಲಕ್ಕು. ಪೀಚ್ ಹಣ್ಣು ತಂದವು, ಟೊಮೇಟೊ ಕೊರದವು, ಮಗಳು ಮೊಸರು ಕಲಸಿತ್ತು. ಅಲ್ಯಾಣ ರೊಟ್ಟಿಗೆ ಮಾತ್ರ ಉಪ್ಪೇ ಹಾಕುತ್ತವಿಲ್ಲೆ, ಆ ಪ್ರಾಂತ್ಯದ ಕ್ರಮವೇ ಹಾಂಗಡ. ಎಂಗಳ ಉಪ್ಪಿನಕಾಯಿ ಅಲ್ಲಿ ಉಪಕಾರಕ್ಕೆ ಬಂತು. ಉಂಡಿಕ್ಕಿ, ಕಿಟಿಕಿ ಮುಚ್ಚಿ, ನೆಲಕ್ಕಲ್ಲಿ ಬೆಡ್‌ಶೀಟು ಹಾಕಿ ಒರಗಿದೆ. ಏಳುವಗ ಗಂಟೆ ನಾಲ್ಕೂವರೆ. ಅಷ್ಟು ಗಟ್ಟಿ ಒರಕ್ಕು ಬಾರದ್ದೆ ಎಷ್ಟು ವರ್ಷ ಆಗಿತ್ತೋ.

ಹೊತ್ತೋಪಗ ಆರು ಗಂಟೆ ಮೇಲೆ ಎಲ್ಲೋರೂ ಕೋಟೆ ಏರಿಯ ಮೇಗೆ ನೆಡವಲೆ ಹೋದೆಯೊ°. ಅಲ್ಲಿ ಜುಲಾಯಿಲಿ ಹೊತ್ತು ಕಂತುವಗ ಇರುಳು ಒಂಬತ್ತು ಆವುತ್ತು. ಮೂರು ಗಂಟೆ ಬೆಣಚ್ಚು ಇದ್ದು! ಆಗ ಕಂಡತ್ತು ಎನಗೆ ಲುಕ್ಕಾ. ಮಧ್ಯಾಹ್ನ ಕಾಣದ್ದ ಜೆನ ಎಲ್ಲ ಅಲ್ಲಿ ಇತ್ತಿದ್ದವು. ಅಜ್ಜಂದ್ರು ಬೆಂಚಿಲಿ ಕೂದು ವಾದ ಮಾಡ್ತವು, ಅಬ್ಬೆಕ್ಕೊ ಮಕ್ಕಳ ತಳ್ಳುಗಾಡಿ ತಳ್ಳುತ್ತವು, ಜವ್ವನಿಗರು ಓಡುತ್ತವು. ಒಂದು ಹೊಡೆಲಿ ಊರಿನ ಮಾಡುಗೊ, ಹಿತ್ತಿಲಿಲಿ ಒಣಗುಲೆ ಹಾಕಿದ ವಸ್ತ್ರಂಗೊ. ಇನ್ನೊಂದು ಹೊಡೆಲಿ ಹುಲ್ಲು, ದೂರಲ್ಲಿ ಗುಡ್ಡೆಗೊ. ಎನಗೆ ಅದು ಕೋಟೆ ಹೇಳಿ ಕಂಡಿದಿಲ್ಲೆ. ಊರಿಂಗೆ ಸುತ್ತ ಒಂದು ಜೆಗಿಲಿ ಕಟ್ಟಿದ ಹಾಂಗೆ ಕಂಡತ್ತು.

ಆ ಗೋಡೆಯ ಕಟ್ಟುಲೆ ಸುರು ಮಾಡಿದ್ದು 16ನೇ ಶತಮಾನಲ್ಲಿ, ಮುಗಿವಗ 17ನೇ ಶತಮಾನ ಅರ್ಧ ಆಗಿತ್ತು. ಫ್ಲಾರೆನ್ಸಿನವು ದಂಡು ಕಟ್ಟಿ ಬಕ್ಕು ಹೇಳ್ತ ಹೆದರಿಕೆ. ಆದರೆ ಆ ಗೋಡೆಗೆ ಯಾವ ಸೈನ್ಯವೂ ಮುತ್ತಿಗೆ ಹಾಕಿದ್ದಿಲ್ಲೆ. ಬಂದದು ನೀರು. 1812ರಲ್ಲಿ ಸೆರ್ಕಿಯೊ ಹೊಳೆಲಿ ದೊಡ್ಡ ಬೆಳ್ಳ ಬಂದಪ್ಪಗ ಕೋಟೆ ಬಾಗಿಲುಗಳ ಗಟ್ಟಿ ಮುಚ್ಚಿ ಊರಿನ ಒಳಿಶಿಗೊಂಡವು. ಆಗ ಊರು ಆಳಿಗೊಂಡು ಇದ್ದದು ನೆಪೋಲಿಯನಿನ ತಂಗೆ ಎಲಿಸಾ. ಅದು ಹೆರ ಬಾಕಿ ಆಗಿ, ಬಾಗಿಲು ತೆಗವಲೆ ಎಡಿಯದ್ದೆ, ಅದರ ಗೋಡೆಯ ಮೇಗಂದ ಎತ್ತಿ ಒಳ ಇಳುಶಿದವು ಹೇಳಿ ಒಂದು ಕತೆ ಹೇಳ್ತವು. ಮುಂದೆ ಅದೇ ಶತಮಾನಲ್ಲಿ ಮರಿಯಾ ಲೂಯಿಸಾ ಹೇಳ್ತ ರಾಣಿಯ ಕಾಲಲ್ಲಿ ಗೋಡೆಯ ಮೇಗೆ ಮರ ಬೆಳೆಶಿ ಜೆನಂಗೊ ನೆಡವ ಜಾಗೆ ಮಾಡಿದವು. ಯುದ್ಧಕ್ಕೆ ಹೇಳಿ ಕಟ್ಟಿದ್ದು ಹೊತ್ತೋಪಗಾಣ ಗಾಳಿಗೆ ಬಂತು.

ಆ ಏರಿಯ ಮೇಗೆ ನೆಡೆತ್ತಾ ಎನಗೆ ಅನಿಸಿದ್ದು ಇಷ್ಟು: ಮಧ್ಯಾಹ್ನ ಬಾಗಿಲು ಹಾಕುದುದೆ ಒಂದು ಗೋಡೆಯೇ. ಬೆಶಿಲು ಒಳ ಬಾರದ್ದ ಹಾಂಗೆ, “ಇದೊಂದು ಕೆಲಸ ಮಾಡಿಕ್ಕು” ಹೇಳ್ತ ಮಾತು ಒಳ ಬಾರದ್ದ ಹಾಂಗೆ ಕಟ್ಟಿದ ಗೋಡೆ. ಅದರ ಉದಾಸೀನ ಹೇಳುದು ತಪ್ಪು. ಎನ್ನ ಅಪ್ಪನ ಮನೆಲಿಯೂ ಮದಲು ಹೀಂಗೇ ಇತ್ತು. ಉಂಡಿಕ್ಕಿ ಮೂರು ಗಂಟೆ ವರೆಗೆ ತೋಟಕ್ಕೆ ಆರೂ ಇಳಿತ್ತವಿಲ್ಲೆ, ಕೆಲಸದವುದೆ ಕೊಟ್ಟಗೆಯ ನೆಳಲಿಲಿ ತಲೆ ಅಡ್ಡ ಹಾಕುಗು. ಆ ಗೋಡೆಯ ನಾವೇ ಕೆಡಗಿದ್ದು.

ಈಗ ಒಂದು ಮಾತು ನ್ಯಾಯಕ್ಕೆ ಹೇಳೆಕ್ಕು. ಲುಕ್ಕಾಲ್ಲಿ ಎಲ್ಲೋರಿಂಗೂ ಮಧ್ಯಾಹ್ನದ ಬಿಡುವು ಇದ್ದು ಹೇಳಿ ಗ್ರೇಶೆಡಿ. ಆಂಫಿತೆಯಾತ್ರೊ ಹೇಳಿ ಒಂದು ಮೊಟ್ಟೆಯ ಆಕಾರದ ಚೌಕ ಇದ್ದು. ಮದಲು ರೋಮನರು ಆಟ ನೋಡುಲೆ ಕಟ್ಟಿದ ಜಾಗೆ. ಮತ್ತೆ ಜೆನ ಅದರ ಗೋಡೆಗೊಕ್ಕೇ ಅಂಟುಸಿ ಮನೆ ಕಟ್ಟಿಗೊಂಡವು, ಹಾಂಗಾಗಿ ಮನೆಗಳ ಸಾಲೇ ಉರುಟು. ಅಲ್ಯಾಣ ಹೋಟ್ಲುಗೊ ಮಧ್ಯಾಹ್ನವೂ ತೆಗದೇ ಇತ್ತು. ಕೊಡೆ ಅಡಿಲಿ ಪ್ರವಾಸಿಗೊ ಕೂದಿತ್ತಿದ್ದವು, ಬಳುಸುವ ಮಕ್ಕೊ ಬೆವರು ಉದ್ದಿಗೊಂಡು ಓಡಿಗೊಂಡಿತ್ತಿದ್ದವು. ಆ ಮಕ್ಕಳ ಆ ಬೆಶಿಲಿಲಿ ನಿಲ್ಲುಸಿದ್ದು ಆರು? ಆ ಹೊತ್ತಿಂಗೆ ಹೋಗಿ ಕೂದ ನಾವೇ.

ಹಾಂಗಾಗಿ, ಬೇಸಗೆಲಿ ಈ ನಮುನೆ ಊರಿಂಗೆ ಹೋಪವಕ್ಕೆ ಎನ್ನ ಅಭಿಪ್ರಾಯ ಹೇಳ್ತೆ. ಉದಿಯಪ್ಪಗ ಆರು ಗಂಟೆಗೆ ಕೋಟೆಗೆ ಒಂದು ಸುತ್ತು ನೆಡೆಯಿರಿ, ಟಿಕೇಟು ಇಲ್ಲೆ. ಇಗರ್ಜಿ, ಗೋಪುರ, ಸಾಮಾನು ತಪ್ಪದು ಎಲ್ಲ ಹನ್ನೊಂದರ ಒಳ ಮುಗುಶಿ. ನೀರಿನ ಕುಪ್ಪಿ ಕ್ರಯಕ್ಕೆ ತೆಗೆಯೆಡಿ. 19ನೇ ಶತಮಾನಲ್ಲಿ ನೊತ್ತೊಲಿನಿ ಹೇಳ್ತ ಶಿಲ್ಪಿ ಗುಡ್ಡೆಂದ ಕಮಾನುಗಳ ಮೇಗೆ ಊರಿಂಗೆ ನೀರು ತಂದಿದ°. ಈಗಳೂ ಊರಿನವು ಚೌಕದ ನಲ್ಲಿಗಳಿಂದ ಕುಡಿವ ನೀರು ತುಂಬುಸಿಗೊಂಡು ಹೋವುತ್ತವು. ಮಧ್ಯಾಹ್ನ ಒಲೆ ಬೇಡ. ಕಿಟಿಕಿ ಹಾಕಿ, ಎಲ್ಲೋರೂ ಮನುಗಿ. ಎಲ್ಲೋರೂ ಹೇಳಿರೆ ಅಟ್ಟುಂಬೊಳಲ್ಲಿ ಇಪ್ಪದುದೆ. ಹದಿನಾಲ್ಕರಲ್ಲಿ ಆರು ಜಾಗೆ ತಪ್ಪಿತ್ತು ಎಂಗೊಗೆ. ಯಾವ ಆರು ಹೇಳಿ ಈಗ ಅಳಿಯಂಗೂ ನೆಂಪಿಲ್ಲೆ.

ಊರಿಂಗೆ ಬಂದ ಮತ್ತೆ ಕೆಲಸದ ಹೆಣ್ಣಿನತ್ರೆ ಹೇಳಿದೆ, “ಇನ್ನು ಮಧ್ಯಾಹ್ನದ ಪಾತ್ರ ಬೇಡ. ಹನ್ನೆರಡಕ್ಕೆ ಮನೆಗೆ ಹೋಗು. ಉಂಡ ಬಟ್ಳು ಎಂಗೊ ತೊಳಕ್ಕೊಳ್ತೆಯೊ°, ದೊಡ್ಡ ಪಾತ್ರ ಮರದಿನಕ್ಕೆ ಇರಳಿ.” ಅದು ಎನ್ನ ಮೋರೆಯನ್ನೇ ನೋಡಿತ್ತು. ಮತ್ತೆ ತುಳುವಿಲಿ ಮೆಲ್ಲಂಗೆ ಕೇಳಿತ್ತು, ಸಂಬಳ ಎಷ್ಟು ಕಮ್ಮಿ ಮಾಡ್ತಿ ಅಕ್ಕಾ ಹೇಳಿ. ಬಿಡುವು ಹೇಳುವಗ ಅದಕ್ಕೆ ಸುರುವಿಂಗೆ ಕೇಳಿದ್ದು ಪೈಸೆಯ ಶಬ್ದ. ಕಮ್ಮಿ ಇಲ್ಲೆ ಹೇಳಿ ಮೂರು ಸರ್ತಿ ಹೇಳೆಕ್ಕಾತು, ತಿಂಗಳು ಆಗಿ ಪೈಸೆ ಕೈಗೆ ಬಂದಪ್ಪಗ ಮಾತ್ರ ನಂಬಿತ್ತು.

ಒಂದು ದಿನ ಕೇಳಿದೆ, ಮಧ್ಯಾಹ್ನ ರಜ್ಜ ಮನುಗುತ್ತೆಯೋ? ಇಲ್ಲೆಡ. ಆ ಹೊತ್ತಿಂಗೆ ಮನೆಲಿ ಕೂದು ಬೀಡಿ ಕಟ್ಟುತ್ತಡ, ಮಗಳ ಕಾಲೇಜಿನ ಫೀಸಿಂಗೆ. ಎನಗೆ ಬೇಜಾರಾತು. ಆನು ಗ್ರೇಶಿದ ಹಾಂಗೆ ಆಯಿದಿಲ್ಲೆ. ಆದರೆ ಮತ್ತೆ ಆಲೋಚನೆ ಮಾಡಿರೆ, ಆ ಎರಡು ಗಂಟೆಲಿ ಅದು ಎಂತ ಮಾಡೆಕ್ಕು ಹೇಳ್ಲೆ ಆನು ಆರು? ಬೆಶಿಲಿಲಿ ನಿಂಬದು ತಪ್ಪಿತ್ತು, ಕೂದು ಮಾಡ್ತು, ಮಗಳು ಹತ್ರೆ ಇರ್ತು. ಆ ಹೊತ್ತು ಈಗ ಅದರದ್ದು.

ಎಂಗಳ ಮನೆಯವು ಅವರ ಬಟ್ಳು ಅವೇ ತೊಳೆತ್ತವು. ಕರೆಲಿ ರಜ್ಜ ಜಿಡ್ಡು ಒಳಿತ್ತು. ಆನು ನೋಡದ್ದ ಹಾಂಗೆ ಮಾಡ್ತೆ.

ಆ ಅಕ್ಕ ಪುನಃ ಸಿಕ್ಕಿರೆ ಹೇಳು: ಇಲ್ಲಿ ಹಸೆ ಇತ್ತು ಅಕ್ಕಾ. ಆನು ಮನುಗಿಪ್ಪಗ ಹೆರ ಬೆಶಿಲಿಲಿ ಇದ್ದದು ಆರು ಹೇಳಿ ನೋಡ್ಲೆ ಅಷ್ಟು ದೂರ ಹೋಯೆಕ್ಕಾಗಿ ಬಂತು.